ಬಾರ್ ಹಾರ್ಬರಿನ ದಪ್ಪ ಇಲಿಗಳು

ಮೈ ಬಂದವರನ್ನು ಕಂಡರೆ ‘ಬಾಯಿ ಕಟ್ಟಲಾರದವರು’ ಎಂದು ತೀರ್ಪು ಕೊಡುವುದು ಹಳೆಯ ಚಾಳಿ. ಆ ತೀರ್ಪಿನ ಬುಡ ಅಲುಗಾಡಿಸಿದ್ದು ಅಮೆರಿಕದ ಮೇಯ್ನ್ ರಾಜ್ಯದ ಕಡಲತೀರದ ಊರಾದ ಬಾರ್ ಹಾರ್ಬರಿನ ಇಲಿಗಳು. ಅಲ್ಲಿ 1929ರಲ್ಲಿ ಶುರುವಾದ ಜಾಕ್ಸನ್ ಪ್ರಯೋಗಾಲಯ ಇಲಿಗಳ ವಂಶವಾಹಿ ಅಧ್ಯಯನಕ್ಕೆ ಹೆಸರಾಗಿತ್ತು. 1947ರ ಕಾಳ್ಗಿಚ್ಚಿಗೆ ಅದರ ಇಲಿಗಳಲ್ಲಿ ಬಹುಪಾಲು ಬಲಿಯಾದವು. ಹಿಂದೆ ಅಲ್ಲಿಂದ ಇಲಿಗಳನ್ನು ಪಡೆದಿದ್ದ ಸಂಶೋಧಕರು ಅವುಗಳ ಪೀಳಿಗೆಯನ್ನು ಮರಳಿ ಕಳಿಸಿಕೊಟ್ಟ ಮೇಲೆ ಕೆಲಸ ಮತ್ತೆ ಕುದುರಿತು. 1949ರಲ್ಲಿ ಅಲ್ಲಿ ಎಷ್ಟು ತಿಂದರೂ ತಣಿಯದ, ಸಾಮಾನ್ಯ ಇಲಿಯ ಮೂರು ಪಟ್ಟಿನವರೆಗೂ ತೂಗಬಲ್ಲ ಒಂದು ತಳಿ ಕಣ್ಣಿಗೆ ಬಿತ್ತು. ಕಾರಣ ಒಂದೇ ಒಂದು ವಂಶವಾಹಿಯ ದೋಷ.

1960ರ ದಶಕದಲ್ಲಿ ದಪ್ಪದ ಜೊತೆಗೆ ತೀವ್ರ ಮಧುಮೇಹವೂ ಇದ್ದ ಇನ್ನೊಂದು ತಳಿ ಅಲ್ಲೇ ಸಿಕ್ಕಿತು. ಅಲ್ಲಿನ ಸಂಶೋಧಕ ಡಗ್ಲಸ್ ಕೋಲ್ಮನ್ ಎರಡೆರಡು ಇಲಿಗಳ ಪಕ್ಕೆಗಳನ್ನು ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಮಧುಮೇಹದ ಇಲಿಗೆ ಜೋಡಿಸಿದ ಆರೋಗ್ಯವಂತ ಇಲಿ ಎದುರಿಗಿದ್ದ ಆಹಾರ ಮುಟ್ಟದೆ ಸೊರಗಿ ಸತ್ತಿತು. ಮೊದಲ ದಪ್ಪ ತಳಿಯ ಇಲಿಯನ್ನು ಮಧುಮೇಹದ ಇಲಿಗೆ ಜೋಡಿಸಿದಾಗಲೂ ಅದಕ್ಕೆ ಅದೇ ಗತಿಯಾಯಿತು. ಆದರೆ ಆ ಮೊದಲ ತಳಿಯನ್ನು ಆರೋಗ್ಯವಂತ ಇಲಿಗೆ ಜೋಡಿಸಿದರೆ ಅದರ ತಿನ್ನಾಟ ತಗ್ಗಿತು. ‘ಸಾಕು’ ಎಂದು ತಿಳಿಸುವ ವಸ್ತುವೊಂದು ರಕ್ತದಲ್ಲಿದೆ, ಒಂದು ತಳಿಗೆ ಅದನ್ನು ತಯಾರಿಸಲು ಬಾರದು, ಇನ್ನೊಂದಕ್ಕೆ ಅದರ ಮಾತು ಕೇಳಿಸದು ಎಂದು ಕೋಲ್ಮನ್ ತರ್ಕಿಸಿದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಆ ವಸ್ತುವನ್ನು ತಯಾರಿಸುವ ವಂಶವಾಹಿಯನ್ನು ಪತ್ತೆಹಚ್ಚಿತು. ಕೊಬ್ಬಿನ ಕೋಶಗಳು ಸ್ರವಿಸುವ ಆ ಹಾರ್ಮೋನಿಗೆ ಲೆಪ್ಟಿನ್ ಎಂಬ ಹೆಸರು ಬಂತು. ಹಸಿವು ಕೆರಳಿಸುವ ಗ್ರೆಲಿನ್ ಜಠರದಲ್ಲಿ ಹುಟ್ಟುವುದನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ತೋರಿಸಿದರು.

ಲೆಪ್ಟಿನ್ ಚುಚ್ಚಿಸಿಕೊಂಡರೆ ಎಲ್ಲರ ಬೊಜ್ಜೂ ಕರಗೀತು ಎಂಬ ಆಸೆ ಮಾತ್ರ ಫಲಿಸಲಿಲ್ಲ. ಹುಟ್ಟಿನಿಂದಲೇ ಅದು ಇಲ್ಲದ ಅಪರೂಪದ ಮಕ್ಕಳಿಗೆ ಅದರಿಂದ ಅದ್ಭುತ ಗುಣ ಕಂಡಿತು, ನಿಜ. ಉಳಿದ ಬಹುತೇಕ ದಪ್ಪ ಮೈಯವರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಾಗಿತ್ತು. ಕೊಬ್ಬು ಏರುವುದನ್ನು ತಡೆಯುವುದಕ್ಕಿಂತ ಅದು ಇಳಿದಾಗ ಕೂಗೆಬ್ಬಿಸುವುದೇ ಈ ವ್ಯವಸ್ಥೆಯ ಮುಖ್ಯ ಕಸುಬು ಎಂದು ಆಗ ಮನದಟ್ಟಾಯಿತು. ಇದರ ಪುರಾವೆ ಅರ್ಧ ಶತಮಾನದ ಹಿಂದೆಯೇ ಇತ್ತು. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟಿದ್ದರು. ಯುದ್ಧಕ್ಕೆ ಬರುವುದಿಲ್ಲವೆಂದು ಸರ್ಕಾರಕ್ಕೇ ಎದುರುನಿಂತ ಗಟ್ಟಿ ಮನಸ್ಸಿನವರು ಅವರು. ಅಂಥವರೂ ತಟ್ಟೆ ನೆಕ್ಕಿದರು, ಹೊತ್ತು ಕಳೆಯಲು ಅಡುಗೆ ಪುಸ್ತಕ ಓದಿದರು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ.

ಕೆಲವೇ ದಶಕಗಳಲ್ಲಿ ವಂಶವಾಹಿ ಬದಲಾಗದು, ಆದರೂ ಬೊಜ್ಜು ಹೆಚ್ಚಿದೆಯಲ್ಲ, ಅದು ಬಾಯಿಚಪಲವಲ್ಲದೆ ಇನ್ನೇನು ಎಂದು ಕೇಳಬಹುದು. ಅಷ್ಟೇ ಕಾಲದಲ್ಲಿ ಇಡೀ ಜನಾಂಗಗಳ ಮನೋಬಲವೂ ಕರಗಿಹೋಯಿತು ಎನ್ನಲಾದೀತೆ? ಬದಲಾದದ್ದು ಊಟ, ದುಡಿಮೆ, ನಿದ್ದೆ. 2004ರಲ್ಲಿ ಪ್ರಕಟವಾದ ಷಿಕಾಗೊ ಅಧ್ಯಯನದಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ 12 ಯುವಕರಲ್ಲಿ ಲೆಪ್ಟಿನ್ ಶೇ. 18ರಷ್ಟು ತಗ್ಗಿ, ಗ್ರೆಲಿನ್ ಶೇ. 28ರಷ್ಟು ಏರಿತ್ತು. ಅಧ್ಯಯನ ಚಿಕ್ಕದು, ಅವರು ದಪ್ಪಗಾದರೆಂದು ಅದು ಹೇಳುವುದೂ ಇಲ್ಲ. ಆದರೂ ದಿನಚರಿಯ ಏರುಪೇರು ಹಾರ್ಮೋನಿನವರೆಗೆ ತಲುಪುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ದೇಹವೇ ಎಲ್ಲ ನಿರ್ಧರಿಸುವುದಾದರೆ ಪ್ರಯತ್ನವೇಕೆ ಎಂಬುದು ಇನ್ನೊಂದು ಆಕ್ಷೇಪ. ಹತ್ತು ವಾರ ಕಟ್ಟುನಿಟ್ಟಾಗಿ ಪಥ್ಯ ಮಾಡಿದವರಲ್ಲಿ ವರ್ಷವಾದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ ಎಂದು 2011ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಇದು ಕೈಚೆಲ್ಲಲು ಕಾರಣವಾಗದು. ರಕ್ತದೊತ್ತಡದಂತೆ ತೂಕವನ್ನೂ ವರ್ಷಗಟ್ಟಲೆ ನೋಡಿಕೊಳ್ಳಬೇಕು, ನಾಲ್ಕು ದಿನದ ಉಪವಾಸದಿಂದ ಅದು ಬಗೆಹರಿಯದು ಎಂದಷ್ಟೇ ಇದರ ಅರ್ಥ. ಹಾಗಾದರೆ ತೂಕದ ಹೊಣೆ ತಿನ್ನುವವನೊಬ್ಬನದೇ ಅಲ್ಲ. ರಾತ್ರಿ ಪಾಳಿಯ ವೇಳಾಪಟ್ಟಿ ಬರೆಯುವವರಿಗೂ ಅದರಲ್ಲಿ ಪಾಲಿದೆ.