ಔಷಧಕ್ಕೆ ಮೊದಲು ಸೂಜಿ

ಹಿಂದೆ ಸಾಂಗಲಿ ಸಂಸ್ಥಾನದಲ್ಲಿದ್ದ ತೇರದಾಳಕ್ಕೆ ದೊಡ್ಡ ದವಾಖಾನೆ ಎಂದರೆ ವೈದ್ಯ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ತೆರೆದದ್ದಾಗಿತ್ತು; ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಂದದ್ದು 1973ರಲ್ಲಿ. ಯಕೃತ್ತಿನಲ್ಲಿ ಗೆಡ್ಡೆಯಿರುವ ಕೂಸನ್ನು ಅಷ್ಟು ದೂರ ಒಯ್ದು, ಪರೀಕ್ಷೆಗೆ ಚೂರು ತೆಗೆಯಲು ಯಕೃತ್ತಿಗೆ ಸೂಜಿ ಏಕೆ ಚುಚ್ಚಿಸಬೇಕು? ವಿದ್ಯೆಯೇನೋ ಹಳೆಯದು: 1883ರಲ್ಲೇ ಎರ್ಲಿಕ್ ಮಾಡಿದ್ದ, 1958ರಲ್ಲಿ ಮೆಂಘಿನಿ ಅದನ್ನು ಒಂದು ಸೆಕೆಂಡಿನ ಕೆಲಸವಾಗಿಸಿದ. ಆದರೆ ಮಕ್ಕಳ ಗೆಡ್ಡೆಯೆಂದರೆ ವೈದ್ಯರಿಗೂ ಅಳುಕು. ರಕ್ತ ಸೋರೀತು, ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ಚೆಲ್ಲೀತು ಎಂಬ ಅಂಜಿಕೆ ಸುಳ್ಳಲ್ಲ. ಅಲ್ಟ್ರಾಸೌಂಡ್ ನೋಡುತ್ತ, ರೋಗವಿಲ್ಲದ ಯಕೃತ್ತಿನ ಮೂಲಕ ಹಾಯಿಸಿದರೆ ಅಪಾಯ ತಗ್ಗುತ್ತದೆ.

ಹಾಗಾದರೆ ಸೂಜಿ ಬೇಡ, ಗೆಡ್ಡೆಯ ಸುಳಿವು ಕೊಡುವ ರಕ್ತದ ಎಎಫ್‌ಪಿ ಪರೀಕ್ಷೆಯೇ ಸಾಕೆಂದರೆ ಒಪ್ಪಲಾಗದು. ಎಳೆಗೂಸಿನಲ್ಲಿ ಎಎಫ್‌ಪಿ ಎಂಬ ಆ ಪ್ರೋಟೀನು ಸಹಜವಾಗಿಯೇ ಹೆಚ್ಚಿರುತ್ತದೆ, ಕೆಲವು ಉಗ್ರ ಗೆಡ್ಡೆಗಳಲ್ಲಿ ಏರುವುದೇ ಇಲ್ಲ. ಮಕ್ಕಳ ಯಕೃತ್ತಿನ ಗೆಡ್ಡೆಗಳನ್ನು ಅಧ್ಯಯನ ಮಾಡುವ ಯುರೋಪಿನ ಸಿಯೋಪೆಲ್ ತಂಡ 1990ರಿಂದ ಮೊದಲು ಕೀಮೋ, ಆಮೇಲೆ ಶಸ್ತ್ರಕ್ರಿಯೆ ಎಂಬ ಕ್ರಮ ಹಿಡಿಯಿತು. ಕೀಮೋದಿಂದ ಸತ್ತ ಗೆಡ್ಡೆಯನ್ನು ಆಮೇಲೆ ಕೊಯ್ದು ನೋಡಿದರೆ, ಅದು ಮೊದಲು ಯಾವ ಜಾತಿಯದಾಗಿತ್ತೆಂದು ಹೇಳುವುದು ಕಷ್ಟ; ಅದಕ್ಕೇ ಔಷಧಕ್ಕೆ ಮೊದಲು ಸೂಜಿ.