ಜೋಳದ ರೊಟ್ಟಿಯೂ ಟ್ರಿಪ್ಟೊಫೇನಿನ ದಾರಿಯೂ

ಹೈದರಾಬಾದಿನ ಅಮೀರ್‌ಪೇಟ್ ಇಂದು ತರಬೇತಿ ಕೇಂದ್ರಗಳಿಗೂ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೂ ಹೆಸರಾದ ಬಡಾವಣೆ. ಕಲಬುರಗಿ, ಬೀದರ, ರಾಯಚೂರುಗಳ ಕಡೆಯ ತರುಣರೂ ಅಲ್ಲಿ ಕೋಣೆ ಹಿಡಿದು ಓದುತ್ತಾರೆ. ಅವರಲ್ಲಿ ಜೀವರಸಾಯನಶಾಸ್ತ್ರವನ್ನು ಆರಿಸಿಕೊಂಡವನಿಗೆ ಚಯಾಪಚಯದ ನಕ್ಷೆಯೆಂದರೆ ಬಾಣದ ಗುರುತುಗಳ ಒಂದು ದಟ್ಟಡವಿ. ಪರೀಕ್ಷೆಯ ಭಯದಿಂದ ಅದನ್ನು ಬಾಯಿಪಾಠ ಮಾಡುವುದೇ ರೂಢಿ. ಆ ನಕ್ಷೆಯಲ್ಲಿ ಟ್ರಿಪ್ಟೊಫೇನ್ ಎಂಬ ಅಮೈನೋ ಆಮ್ಲದಿಂದ ನಯಾಸಿನ್ ಎಂಬ ಅನ್ನಾಂಗದ ಕಡೆಗೆ ಸಾಗುವ ದಾರಿಯೊಂದುಂಟು. ಆ ದಾರಿಯನ್ನು ಕುರಿತ ಒಂದು ದೊಡ್ಡ ಚರ್ಚೆ ಹುಟ್ಟಿದ್ದು ಇದೇ ಊರಿನ ತಾರ್ನಾಕದಲ್ಲಿ, ಅದೂ ಜೋಳದ ರೊಟ್ಟಿಯ ನಿಮಿತ್ತವಾಗಿ, ಎಂಬುದನ್ನು ಆ ವಿದ್ಯಾರ್ಥಿಗೆ ಹೇಳುವವರು ವಿರಳ. 2017ರಲ್ಲಿ ಮೆಟ್ರೊ ರೈಲು ಬಂದ ಮೇಲೆ ಅಮೀರ್‌ಪೇಟಿನಿಂದ ತಾರ್ನಾಕಕ್ಕೆ ಗಾಡಿ ಬದಲಿಸದೆಯೇ ಹೋಗಬಹುದು.

ಮೊದಲು ವಿದ್ಯಾಭ್ಯಾಸದ ಭಾಷೆಯ ಮಾತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಮೂರು ಕನ್ನಡ ಜಿಲ್ಲೆಗಳು ಹೈದರಾಬಾದು ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿದ್ದವು; ಅಲ್ಲಿದ್ದ ವಿಶ್ವವಿದ್ಯಾನಿಲಯವೆಂದರೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ. ಅದರ ಬೋಧನೆ ಉರ್ದುವಿನಲ್ಲಿ. ಇದಕ್ಕಾಗಿಯೇ ಒಂದು ಭಾಷಾಂತರ ಇಲಾಖೆ ಏರ್ಪಟ್ಟು, ರಸಾಯನ, ಭೌತ, ವೈದ್ಯಶಾಸ್ತ್ರಗಳಿಗೆ ಹೊಸ ಪರಿಭಾಷೆಯನ್ನು ಟಂಕಿಸಿತು. ಭಾರತೀಯ ಭಾಷೆಯೊಂದರಲ್ಲಿ ಉಚ್ಚ ವಿಜ್ಞಾನವನ್ನು ಕಲಿಸಬಹುದೆಂದು ತೋರಿಸಿಕೊಟ್ಟ ಆ ಸಾಹಸ ನಿಸ್ಸಂದೇಹವಾಗಿ ಶ್ಲಾಘ್ಯ. ಆದರೆ ಮನೆಯಲ್ಲಿ ಕನ್ನಡವಾಡಿ ಬೆಳೆದ ಹುಡುಗನಿಗೆ ಉರ್ದುವೂ ಕಲಿತು ಪಡೆಯಬೇಕಾದ ಭಾಷೆಯೇ ಆಗಿತ್ತು. 1948ರ ಅನಂತರ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದುದು 1980ರಲ್ಲಿ.

ಇನ್ನು ತಾರ್ನಾಕದ ಸಂಸ್ಥೆ. ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ, ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದರು. ಅದೇ ಬೆಳೆದು ಪೋಷಣ ಸಂಶೋಧನಾಲಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯನವರ ಬಳಿ ಜೀವರಸಾಯನವನ್ನು ಕಲಿತು, 1939ರಲ್ಲಿ ಕೇಂಬ್ರಿಜಿನ ಡಾಕ್ಟರೇಟ್ ಪಡೆದ ಕಮಲಾ ಭಾಗವತ್ (ಮುಂದೆ ಸೊಹೋನಿ) ಅವರೂ ಕೂನೂರಿನಲ್ಲಿ ಕೆಲಕಾಲ ಕೆಲಸ ಮಾಡಿದರು. 1958ರಲ್ಲಿ ಸಂಶೋಧನಾಲಯ ಹೈದರಾಬಾದಿಗೆ ಸ್ಥಳಾಂತರಗೊಂಡಿತು. 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರು ತಳೆಯಿತು. ಬೆಟ್ಟದ ತಂಪಿನಿಂದ ದಖ್ಖಣದ ಎರೆಭೂಮಿಯ ನೆರೆಗೆ ಬಂದೊಡನೆಯೇ ಅದರ ಎದುರು ನಿಂತ ಸಮಸ್ಯೆ ಪೆಲಾಗ್ರ.

ಬಿಸಿಲು ತಾಗುವ ಕೈ, ಕಾಲು, ಕೊರಳುಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ: ಇವು ಈ ರೋಗದ ಲಕ್ಷಣಗಳು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿಯೇ ಇದನ್ನು ಗುರುತಿಸಿದ್ದನು. ಮುಸುಕಿನ ಜೋಳವನ್ನೇ ನೆಚ್ಚಿದ ಬಡವರ ರೋಗ ಇದು. ಅಮೆರಿಕದ ಗೋಲ್ಡ್‌ಬರ್ಗರ್ 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯ ಕೈದಿಗಳ ಊಟವನ್ನು ಮಾರ್ಪಡಿಸಿ, ಇದು ಸೋಂಕಲ್ಲ, ಆಹಾರದ ಕೊರತೆ ಎಂದು ತೋರಿಸಿದನು. 1937ರಲ್ಲಿ ಎಲ್ವೆಜೆಮ್ ನಾಯಿಗಳಿಗೆ ಬರುವ ಇಂತಹುದೇ ‘ಕಪ್ಪುನಾಲಗೆ’ ರೋಗವನ್ನು ನಿಕೊಟಿನಿಕ್ ಆಮ್ಲದಿಂದ, ಅಂದರೆ ನಯಾಸಿನಿನಿಂದ, ಗುಣಪಡಿಸಿದನು. ಶರೀರವು ಟ್ರಿಪ್ಟೊಫೇನಿನಿಂದಲೂ ನಯಾಸಿನನ್ನು ತಯಾರಿಸಿಕೊಳ್ಳಬಲ್ಲದೆಂಬುದು 1945ರ ಸುಮಾರಿಗೆ ತಿಳಿಯಿತು: ಸ್ಥೂಲವಾಗಿ 60 ಮಿಲಿಗ್ರಾಂ ಟ್ರಿಪ್ಟೊಫೇನಿಗೆ 1 ಮಿಲಿಗ್ರಾಂ ನಯಾಸಿನ್. ಮುಸುಕಿನ ಜೋಳದಲ್ಲಿ ಟ್ರಿಪ್ಟೊಫೇನ್ ಅತ್ಯಲ್ಪ. ಇರುವ ನಯಾಸಿನೂ ದೇಹಕ್ಕೆ ಸುಲಭವಾಗಿ ದಕ್ಕದಂತೆ ಬಂಧಿತವಾಗಿರುತ್ತದೆ. ಪಠ್ಯಪುಸ್ತಕಗಳ ಮಟ್ಟಿಗೆ ಅಲ್ಲಿಗೆ ಕಥೆ ಮುಗಿದಿತ್ತು.

ದಖ್ಖಣದ ರೋಗಿಗಳು ಆ ಕಥೆಗೆ ಒಗ್ಗಲಿಲ್ಲ. ಅವರು ಉಣ್ಣುತ್ತಿದ್ದುದು ಮುಸುಕಿನ ಜೋಳವನ್ನಲ್ಲ, ತೆಲಂಗಾಣ, ಮರಾಠವಾಡ, ಕನ್ನಡ ಜಿಲ್ಲೆಗಳು ಮೂರಕ್ಕೂ ಸಾಮಾನ್ಯವಾದ ಬಿಳಿಜೋಳವನ್ನು. ಅದರಲ್ಲಿ ಟ್ರಿಪ್ಟೊಫೇನಿನ ಕೊರತೆ ಅಷ್ಟು ತೀವ್ರವಲ್ಲ. ಹಾಗಾದರೆ ರೋಗವೇಕೆ? ಎರಡು ಧಾನ್ಯಗಳಿಗೂ ಸಮಾನವಾದ ಗುಣವೊಂದನ್ನು ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಹಿಡಿದರು: ಎರಡರಲ್ಲಿಯೂ ಲ್ಯೂಸಿನ್ ಎಂಬ ಮತ್ತೊಂದು ಅಮೈನೋ ಆಮ್ಲ ಅಧಿಕ. 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಮಂಡಿಸಿದ ವಾದದ ತಿರುಳು ಇದು: ರೋಗಕ್ಕೆ ಕಾರಣ ಒಂದರ ಕೊರತೆಯಷ್ಟೇ ಅಲ್ಲ, ಇನ್ನೊಂದರ ಅತಿರೇಕವೂ ಹೌದು. ಊಟದ ಸಮತೋಲ ಕೆಟ್ಟರೆ ಚಯಾಪಚಯದ ದಾರಿಯೇ ಕೆಡುತ್ತದೆ.

ಈ ಮಾತನ್ನು ಪರೀಕ್ಷೆಗೊಡ್ಡುವ ಕೆಲಸ ಮುಂದಿನ ದಶಕವನ್ನು ತುಂಬಿತು. ಭವಾನಿ ಬೆಳವಾಡಿ ಮೊದಲಾದವರು ನಾಯಿಮರಿಗಳ ಆಹಾರಕ್ಕೆ ಲ್ಯೂಸಿನ್ ಬೆರೆಸಿ ಕಪ್ಪುನಾಲಗೆ ಬರುವುದನ್ನು ತೋರಿಸಿದರು. ಗಫೂರುನ್ನೀಸಾ ಮತ್ತು ಬಿ. ಎಸ್. ನರಸಿಂಗರಾವ್ ಅವರು 1973ರಲ್ಲಿ ಇಲಿಗಳ ಯಕೃತ್ತಿನ ಕಿಣ್ವಗಳನ್ನು ಅಳೆದರು. ಟ್ರಿಪ್ಟೊಫೇನ್ ಹಲವು ಮೆಟ್ಟಿಲಿಳಿದ ಮೇಲೆ ಒಂದು ಕವಲು ಬರುತ್ತದೆ; ಒಂದು ಕವಲು ಕ್ವಿನೊಲಿನಿಕ್ ಆಮ್ಲದ ಮೂಲಕ ನಯಾಸಿನಿನ ಸಹಕಿಣ್ವಗಳ ಕಡೆಗೆ, ಇನ್ನೊಂದು ದಹನದ ಕಡೆಗೆ. ಲ್ಯೂಸಿನ್ ಹೆಚ್ಚಾದಾಗ ಮೊದಲನೆಯ ಕವಲಿನ ಕಿಣ್ವ ಕುಗ್ಗಿ ಎರಡನೆಯದರ ಕಿಣ್ವ ಹಿಗ್ಗಿದುದು ಕಂಡುಬಂದಿತು. ಹೊಲಕ್ಕೆ ಕಾಲುವೆಯ ನೀರು ಬರುತ್ತಿದ್ದರೂ ಮಡೆಯ ಬಾಯಿ ಬೇರೆ ಕಡೆಗೆ ತೆರೆದಂತೆ! ಲ್ಯೂಸಿನ್ ಕಡಿಮೆಯಿರುವ ಜೋಳದ ತಳಿಗಳ ಅನ್ವೇಷಣೆಯೂ ನಡೆಯಿತು.

ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳತಕ್ಕದ್ದು. ಬೇರೆ ದೇಶಗಳ ಕೆಲವು ಪ್ರಯೋಗಗಳಲ್ಲಿ ಇಂತಹ ಫಲಿತಾಂಶ ಬರಲಿಲ್ಲ. ಲ್ಯೂಸಿನ್ ಒಂದೇ ಸಾಲದು, ಬಿ6 ಅನ್ನಾಂಗದ ಕೊರತೆಯೂ ಕೂಡಿರಬೇಕೆಂಬ ಅಭಿಪ್ರಾಯ ತಾರ್ನಾಕದಲ್ಲಿಯೇ ಬಲಿಯಿತು. ವಾದ ತೀರ್ಮಾನವಾಗುವ ಮೊದಲೇ ರೋಗಿಗಳು ಕಡಿಮೆಯಾದರು. ಊಟದಲ್ಲಿ ಬಗೆಗಳು ಹೆಚ್ಚಿದವು. 1983ರಲ್ಲಿ ಆಂಧ್ರ ಪ್ರದೇಶದ ಸರಕಾರ ಕಿಲೋಗ್ರಾಮಿಗೆ 2 ರೂಪಾಯಿಯಂತೆ ಅಕ್ಕಿ ಹಂಚತೊಡಗಿದ ಮೇಲಂತೂ ಬಡವರ ತಟ್ಟೆಯಲ್ಲಿ ಜೋಳದ ಸ್ಥಾನವನ್ನು ಅನ್ನ ಬಹುಮಟ್ಟಿಗೆ ಆಕ್ರಮಿಸಿತು. ಇಂದು ಹೈದರಾಬಾದಿನ ಬೀದಿಬದಿಯಲ್ಲಿ ಸಂಜೆಯ ಹೊತ್ತು ಜೋಳದ ರೊಟ್ಟಿಯನ್ನು ಕೊಳ್ಳುವವರಲ್ಲಿ ಸಕ್ಕರೆ ರೋಗದವರೂ ಇದ್ದಾರೆ.