ಟೇಕಾಫ್ ಆದೊಡನೆ ಎಂಜಿನ್ ನಿಲ್ಲುವಿಕೆ (ಸಣ್ಣ ವಿಮಾನ)

ಒಂಟಿ ಎಂಜಿನ್ನಿನ ವಿಮಾನ ರನ್‌ವೇ ಬಿಟ್ಟೆದ್ದ ಮೊದಲ ನಿಮಿಷದಲ್ಲೇ ಎಂಜಿನ್ ಕೈಕೊಡುವ ಸ್ಥಿತಿ. ಆಗ ಎತ್ತರವೂ ಕಡಿಮೆ, ವೇಗವೂ ಕಡಿಮೆ, ಮೂಗು ಮಾತ್ರ ಮೇಲಕ್ಕೆ.

ಇಂಧನದಲ್ಲಿ ಸೇರಿದ ನೀರು ಇದಕ್ಕೆ ಹಳೆಯ ಕಾರಣ. ಹಾರುವ ಮುನ್ನ ಪೈಲಟ್ ರೆಕ್ಕೆಯಡಿಯಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿಯುತ್ತಾನೆ. ನೀರಿದ್ದರೆ ನೀಲಿ ಪೆಟ್ರೋಲಿನ ತಳದಲ್ಲಿ ಬಣ್ಣವಿಲ್ಲದ ಹನಿಯಾಗಿ ಕೂರುತ್ತದೆ. ಕಾರ್ಬ್ಯುರೇಟರಿನಲ್ಲಿ ಮಂಜುಗಟ್ಟುವುದು, ಇಂಧನದ ಕವಾಟ ಸರಿಯಾಗಿ ತೆರೆಯದಿರುವುದು ಇತರ ಕಾರಣಗಳು.

ಮೊದಲ ಕೆಲಸ ಮೂಗು ತಗ್ಗಿಸಿ ವೇಗ ಉಳಿಸಿಕೊಳ್ಳುವುದು. ಸೆಸ್ನಾ 172ಎಸ್ ಎಂಬ ಸಣ್ಣ ವಿಮಾನದಲ್ಲಿ ರೆಕ್ಕೆಯ ಫ್ಲ್ಯಾಪ್ ಮಡಚಿದ್ದರೆ ಆ ವೇಗ 70 ನಾಟ್, ಗಂಟೆಗೆ ಸುಮಾರು 130 ಕಿ.ಮೀ. ಆಮೇಲೆ ಎದುರಿಗೆ ಕಂಡಲ್ಲೇ ಇಳಿಯಬೇಕು. ರನ್‌ವೇಗೆ ಹಿಂದಿರುಗುವ ಆಸೆಯೇ ಪ್ರಾಣಕ್ಕೆ ಮುಳುವು: 45 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹಿಡಿತ ಕಳೆದುಕೊಳ್ಳುವ ವೇಗವೇ ಶೇ. 19ರಷ್ಟು ಏರುತ್ತದೆ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕುಳಿದರು. ಬಯಲುಸೀಮೆಯ ಅಂಥ ಹೊಲವೇ ದೊಡ್ಡ ಆಸರೆ. ಸಕಲೇಶಪುರದ ಮಾರನಹಳ್ಳಿಯಂಥ ಘಟ್ಟದಂಚಿನಲ್ಲಿ ಅದು ದುರ್ಲಭ. ಕಾಫಿ ತೋಟದ ಮೇಲೆ ಎತ್ತರಕ್ಕೆ ನಿಂತ ಸಿಲ್ವರ್ ಓಕ್ ಮರಗಳ ನಡುವೆ, ಕಣಿವೆಯ ಕಿರಿದಾದ ಗದ್ದೆಯಷ್ಟೇ ತೆರಪು.